ಸೋಮವಾರ ನಿಲ್ಲುತ್ತಿದ್ದ ಅಂಬಾಸಿಡರ್

ರಾಯಚೂರಿನ ಗಂಜ್ ಮಾರುಕಟ್ಟೆಯ ಹಿಂದೆ ನನ್ನ ಗ್ಯಾರೇಜ್ ಇತ್ತು. ಈಗಲೂ ಇದೆ, ಬೋರ್ಡಿನ ಮೇಲಿನ ಹೆಸರು ಮಾತ್ರ ತಮ್ಮನ ಮಗ ಸಿದ್ದುವಿನದು. ಕಣ್ಣಿನ ಆಪರೇಷನ್ ಆದ ಮೇಲೆ ನಾನು ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟೆ. ಬಾಯಿ ಮಾತ್ರ ಕೆಳಗಿಟ್ಟಿಲ್ಲ. ಸಂಜೆ ಹೋಗಿ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂಡುತ್ತೇನೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಚಹಾ ತಂದುಕೊಟ್ಟು, "ಮೇಸ್ತ್ರಿ, ನೀವು ಮಾಡಿದ್ರಾಗ ಭಾಳ ದೊಡ್ಡ ಕೆಲಸ ಯಾವ್ದ್ರಿ?" ಎಂದು ಕೇಳುತ್ತಾರೆ. ಮಂತ್ರಿಯ ಕಾರು, ಇಲ್ಲವೆ ನದಿಗೆ ಬಿದ್ದ ಜೀಪು, ಅಂಥದ್ದೇನಾದರೂ ಹೇಳುತ್ತೇನೆಂದು ಅವರ ಆಸೆ.

ನಾನು ಹೇಳುವುದು ಬೇರೆ. ಮಾನ್ವಿಯಲ್ಲಿ ಒಬ್ಬ ಡ್ರೈವರ್ ಇದ್ದ, ಬೀರಪ್ಪ ಅಂತ. ಅವನ ಹೆಸರಿಗೆ ಪೆಟ್ರೋಲ್ ಕಳ್ಳ ಎಂಬ ಮಾತು ಹತ್ತಿಕೊಂಡಿತ್ತು. ಅದನ್ನು ನಾನು ತೊಳೆದೆ. ಸೋಪಿನಿಂದ ಅಲ್ಲ, ವಕೀಲನನ್ನು ಹಿಡಿದು ಅಲ್ಲ, ಕಾರು ಯಾಕೆ ನಿಲ್ಲುತ್ತದೆ ಎಂದು ಕಂಡುಹಿಡಿದು. ಐವತ್ತು ತರಹದ ಗಾಡಿ ಬಿಚ್ಚಿದ್ದೇನೆ, ಒಂದಕ್ಕೂ ಅಷ್ಟು ಹಿಗ್ಗಿಲ್ಲ. ಈ ಕೆಲಸಕ್ಕೆ ಬರುವ ಹುಡುಗರು ಅದನ್ನೊಮ್ಮೆ ಪೂರಾ ಕೇಳಲಿ ಎಂದು ಬರೆಯಲು ಕುಳಿತಿದ್ದೇನೆ. ಜಂಬ ಕೊಚ್ಚುತ್ತಾನೆ ಅನ್ನುವವರು ಅನ್ನಲಿ. ಕೊಚ್ಚುವಂಥದ್ದು ಇದ್ದಾಗ ಕೊಚ್ಚಬೇಕು.

ಮೊದಲು ಪೆಟ್ರೋಲಿನ ಸ್ವಭಾವ ತಿಳಿದಿರಬೇಕು. ಆಗಿನ ಕಾರುಗಳಲ್ಲಿ ಟ್ಯಾಂಕಿ ಹಿಂದೆ, ಎಂಜಿನ್ನು ಮುಂದೆ. ಎಂಜಿನ್ನಿಗೆ ಕಚ್ಚಿಕೊಂಡ ಒಂದು ಸಣ್ಣ ಪಂಪು ಅಷ್ಟು ದೂರದಿಂದ ಪೆಟ್ರೋಲನ್ನು ಎಳೆದು ಕಾರ್ಬುರೇಟರಿಗೆ ಕೊಡಬೇಕು. ನಮ್ಮ ರಾಯಚೂರಿನ ಮೇ ತಿಂಗಳು ನಿಮಗೆ ಗೊತ್ತೇ ಇದೆ. ಡಾಂಬರು ಚಪ್ಪಲಿಗೆ ಹತ್ತುವ ಬಿಸಿಲಿನಲ್ಲಿ, ಸೈಲೆನ್ಸರಿನ ಪಕ್ಕದಲ್ಲೇ ಹಾದುಬಂದ ನಳಿಕೆಯೊಳಗೆ ಪೆಟ್ರೋಲು ಕುದಿದು ಆವಿಯಾಗುತ್ತದೆ. ಪಂಪು ಮಾಡಿದ್ದು ಪೆಟ್ರೋಲು ಎಳೆಯಲಿಕ್ಕೆ. ಆವಿ ಬಂದರೆ ಅದು ಸುಮ್ಮನೆ ಮಿಸುಕಾಡುತ್ತದೆ, ಮುಂದಕ್ಕೆ ಏನೂ ಹೋಗುವುದಿಲ್ಲ. ಗಾಡಿ ಕೆಮ್ಮಿ ಕೆಮ್ಮಿ ನಿಲ್ಲುತ್ತದೆ. ಪುಸ್ತಕದಲ್ಲಿ ಅದಕ್ಕೆ ವೇಪರ್ ಲಾಕ್ ಎನ್ನುತ್ತಾರೆ. ನಮ್ಮಲ್ಲಿ "ಏರ್ ಹಿಡದದ" ಅಂದರೆ ಮುಗಿಯಿತು.

ಅದರ ಮದ್ದು ಎಲ್ಲ ಡ್ರೈವರುಗಳಿಗೂ ಗೊತ್ತಿತ್ತು. ಬಾನೆಟ್ ಎತ್ತಿ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಬೀಡಿ ಹಚ್ಚಿಕೊಂಡು ಬೇವಿನ ಮರದ ಕೆಳಗೆ ಕುಳಿತುಕೊಳ್ಳುವುದು. ಅಂಥ ಜಾಗದಲ್ಲಿ ಬೀಡಿ ಹಚ್ಚಬೇಡಿರೋ ಎಂದು ನಾನು ಬಾಯಿ ಬಡಿದುಕೊಂಡರೂ ಕೇಳುತ್ತಿರಲಿಲ್ಲ. ಮಸರಕಲ್ ಕಡೆಯ ಒಬ್ಬರು ಟವಲು ಸಿಗದೆ ಪಂಪಿನ ಮೇಲೆ ಮೊಸರನ್ನದ ಗಂಟನ್ನೇ ಇಟ್ಟಿದ್ದರು. ಗಾಡಿ ಶುರುವಾಯಿತು, ಅನ್ನ ಕೆಟ್ಟಿತು. ಆ ಊರು ನನ್ನದೇ ಆದದ್ದರಿಂದ ಅವರ ಹೆಸರು ಹೇಳುವುದಿಲ್ಲ.

ನನಗೆ ಕೆಲಸ ಕಲಿಸಿದವರು ಖಾಸಿಂ ಉಸ್ತಾದ್. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿ, ಗಾಡಿಯ ಸದ್ದಿಗೆ ಮರುಳಾಗಿ ರಾಯಚೂರಿಗೆ ಬಂದ ನನ್ನನ್ನು ಸೇರಿಸಿಕೊಂಡ ಪುಣ್ಯಾತ್ಮ. ಬೈಗುಳಕ್ಕೆ ಲೆಕ್ಕವಿಲ್ಲ, ಊಟಕ್ಕೆ ಮಾತ್ರ ಜೊತೆಗೇ ಕೂಡಿಸಿಕೊಳ್ಳುತ್ತಿದ್ದರು. ಅವರದು ಒಂದೇ ಪಾಠ. "ನೋಡ್ ಬೇಟಾ, ಪೆಟ್ರೋಲ್ ಟ್ಯಾಂಕಿಯಿಂದ ಹೊಂಟು ಎಂಜಿನ್ ತನಕ ನಡಕೊಂತ ಬರ್ತದ. ನೀನೂ ಅಲ್ಲಿಂದನೇ ನಡಿ. ನಡುವ ಜಿಗೀಬ್ಯಾಡ."

ನಾನು ಜಿಗಿದೆ. ಕೆಲಸಕ್ಕೆ ಸೇರಿ ಸ್ವಲ್ಪ ಕೈ ಕುದುರಿದ ಹೊಸತು. ದೇವದುರ್ಗದಲ್ಲಿ ಒಬ್ಬ ಗುತ್ತೇದಾರರ ಜೀಪು ಏರಿನಲ್ಲಿ ನಿಲ್ಲುತ್ತಿತ್ತು. ಉಸ್ತಾದರು ನನ್ನೊಬ್ಬನನ್ನೇ ಬಸ್ಸು ಹತ್ತಿಸಿದರು. ಹೋದವನೇ ಕಾರ್ಬುರೇಟರ್ ಬಿಚ್ಚಿ, ಒಂದು ಪರಾತಿನ ತುಂಬ ಸಾಮಾನು ಹರವಿ, ಸುತ್ತ ಜನ ಸೇರಿದ್ದನ್ನು ನೋಡಿ ಇನ್ನೂ ಉಬ್ಬಿ, ಇಡೀ ದಿನ ತೊಳೆದು ಜೋಡಿಸಿದೆ. ಏರಿನಲ್ಲಿ ಮತ್ತೆ ನಿಂತಿತು. ಮರುದಿನ ಉಸ್ತಾದರೇ ಬಂದು ಟ್ಯಾಂಕಿ ಬಿಚ್ಚಿದರೆ ಒಳಗೆ ಹತ್ತಿಯ ಉಂಡೆ! ಗುತ್ತೇದಾರರು ಡಬ್ಬಿಯಲ್ಲಿ ಪೆಟ್ರೋಲು ಒಯ್ಯುವಾಗ ಬಾಯಿಗೆ ಬಿರಡೆಯಿಲ್ಲವೆಂದು ಹೊಲದ ಹತ್ತಿ ತುರುಕುತ್ತಿದ್ದರು. ಅದೇ ಹತ್ತಿ ಟ್ಯಾಂಕಿಗೆ ಬಿದ್ದು, ಏರಿನಲ್ಲಿ ಜೋರಾಗಿ ಎಳೆದಾಗ ನಳಿಕೆಯ ಬಾಯಿಗೆ ಕೂಡುತ್ತಿತ್ತು, ಎಂಜಿನ್ನು ನಿಂತ ಕೂಡಲೇ ಕಳಚಿ ಬೀಳುತ್ತಿತ್ತು. ಆಮೇಲೆ ಗ್ಯಾರೇಜಿನಲ್ಲಿ ಎಷ್ಟೋ ದಿನ ನನ್ನ ಹೆಸರು ಹತ್ತಿ ಮೇಸ್ತ್ರಿ ಅಂತಲೇ ಇತ್ತು.

ಈಗಿನ ಕೆಲಸ ಹಾಗಿಲ್ಲ. ಪಂಪು ಟ್ಯಾಂಕಿಯೊಳಗೇ ಕೂತಿರುತ್ತದೆ, ಕರೆಂಟಿನಿಂದ ಓಡುತ್ತದೆ. ಹಿಂದಿನಿಂದ ಒತ್ತಡ ಹಾಕಿ ತಳ್ಳುವುದರಿಂದ ಪೆಟ್ರೋಲು ಸುಲಭವಾಗಿ ಕುದಿಯುವುದಿಲ್ಲ. ಮೊನ್ನೆ ಬೇಸಿಗೆಯಲ್ಲಿ ಒಂದು ಕಾರು ಬಿಸಿಲೇರಿದ ಮೇಲೆ ನಿಲ್ಲುತ್ತದೆ ಎಂದು ಬಂತು. ನಾನು ಕುರ್ಚಿಯಲ್ಲಿ ಕುಳಿತೇ "ಏರ್ ಹಿಡದದ" ಅಂದೆ. ಸಿದ್ದು ನಕ್ಕು, "ಕಾಕಾ, ಇದ್ರಾಗ ಅದು ಆಗಂಗಿಲ್ರಿ" ಎಂದು ಒತ್ತಡ ಅಳೆಯುವ ಗಡಿಯಾರ ಕಟ್ಟಿದ. ಮುಳ್ಳು ಮೆಲ್ಲಗೆ ಕೆಳಗಿಳಿಯಿತು. ಮಾಲೀಕರನ್ನು ಕೇಳಿದರೆ ಅವರು ಸದಾ ರಿಸರ್ವ್‌ನಲ್ಲೇ ಓಡಿಸುವವರು. ಟ್ಯಾಂಕಿಯಲ್ಲಿರುವ ಪೆಟ್ರೋಲೇ ಆ ಪಂಪನ್ನು ತಣ್ಣಗಿಡಬೇಕು, ತಳದಲ್ಲಿ ಚೂರು ಉಳಿದರೆ ಅದು ಕಾದು ಸೋಲುತ್ತದೆ. ಸಿದ್ದು ಪಂಪು ಬದಲಿಸಿ, ಅರ್ಧ ಟ್ಯಾಂಕಿಗಿಂತ ಕೆಳಗೆ ಇಳಿಸಬೇಡಿ ಎಂದು ಹೇಳಿ ಕಳಿಸಿದ. ನನಗೆ ಹೊಟ್ಟೆಕಿಚ್ಚಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಹುಡುಗ ಟ್ಯಾಂಕಿಯಿಂದಲೇ ನಡೆಯುತ್ತ ಬಂದದ್ದು ನೋಡಿ ಖುಷಿಯೂ ಆಯಿತು.

ಇನ್ನು ಬೀರಪ್ಪನ ಸಂಗತಿ.

ಚನ್ನಬಸಪ್ಪ ಸಾವುಕಾರರು ಮಾನ್ವಿಯಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದರು. ಬಿಳಿ ಅಂಬಾಸಿಡರ್ ಇತ್ತು. ಅದನ್ನು ಓಡಿಸುತ್ತಿದ್ದವನು ಅರಕೇರಾದ ಬೀರಪ್ಪ. ನಮ್ಮ ಹಾಗೇ ಕುರಿಯವರ ಮನೆತನ, ಎತ್ತರದ ಆಳು, ಮಾತು ಕಡಿಮೆ. ಸಾವುಕಾರರ ತಂದೆಯ ಕಾಲದಿಂದ ಆ ಮನೆಯಲ್ಲಿದ್ದ. ಒಂದು ಬೇಸಿಗೆಯಲ್ಲಿ ಕಾರು ಪೆಟ್ರೋಲು ಹೆಚ್ಚು ಕುಡಿಯತೊಡಗಿತು. ಮಳೆಗಾಲ ಮುಗಿಯುವ ಹೊತ್ತಿಗೆ ಯಾರೋ ಸಾವುಕಾರರ ಕಿವಿ ಊದಿದರು, ಡ್ರೈವರ್ ಪೆಟ್ರೋಲು ಮಾರಿಕೊಳ್ಳುತ್ತಾನೆ ಎಂದು. ಸಾವುಕಾರರು ಬೀರಪ್ಪನನ್ನು ಒಂದು ಮಾತೂ ಕೇಳದೆ ರಾಯಚೂರಿಗೆ ಬಂದು ಬೀಗವಿರುವ ಟ್ಯಾಂಕಿ ಮುಚ್ಚಳ ಕೊಂಡರು. ಅದರ ಕೀಲಿಯನ್ನು ತಮ್ಮ ಉಡಿದಾರಕ್ಕೆ ಕಟ್ಟಿಕೊಂಡರು. ಪೆಟ್ರೋಲು ಹಾಕಿಸುವುದಿದ್ದರೆ ಬಂಕಿಗೆ ತಾವೇ ಹೋಗಿ ಬೀಗ ತೆಗೆಯುತ್ತಿದ್ದರು.

ಅದಾದ ಕೆಲವೇ ದಿನಕ್ಕೆ ಕಾರು ದಾರಿಯಲ್ಲಿ ನಿಲ್ಲತೊಡಗಿತು. ಅದೂ ಸೋಮವಾರ ಮಾತ್ರ.

ಸೋಮವಾರ ಸಾವುಕಾರರ ತಾಯಿ ಗೌರವ್ವ ಗೂಗಲ್ ಎಂಬ ಊರಿಗೆ ಹೋಗುವ ದಿನ. ಹೊಳೆಯ ದಂಡೆಯ ಅಲ್ಲಮಪ್ರಭುವಿನ ಗುಡಿಗೆ ಸೋಮವಾರ ತಪ್ಪಿಸದ ಮುದುಕಿ. ಸಿರವಾರ ದಾಟಿ ಅರಕೇರಾದ ಕಡೆ ತಿರುಗಿದ ಮೇಲೆ ಕಾರು ಕೆಮ್ಮಿ ನಿಲ್ಲುವುದು. ಸ್ವಲ್ಪ ಹೊತ್ತು ಸುಮ್ಮನೆ ನಿಂತರೆ ತಾನಾಗಿಯೇ ಶುರುವಾಗುವುದು, ಮತ್ತೊಂದಿಷ್ಟು ದೂರ ಹೋಗಿ ಮತ್ತೆ ನಿಲ್ಲುವುದು. ಸಾವುಕಾರರಿಗೆ ಇದರಲ್ಲಿ ಸಂಶಯವೇ ಉಳಿಯಲಿಲ್ಲ.

ನನ್ನನ್ನು ಮಾನ್ವಿಗೆ ಕರೆಸಿಕೊಂಡು ಗಿರಣಿಯ ಅಂಗಳದಲ್ಲೇ ಹೇಳಿದರು. "ಮಲ್ಲಪ್ಪ, ಟ್ಯಾಂಕಿಗಿ ಕೀಲಿ ಹಾಕಿದ್ದಕ್ಕ ಅವನ ಹೊಟ್ಟಿ ಉರಿಯಾಕತ್ತದ. ಕಳವು ಬಂದ್ ಆತು, ಅದಕ್ಕ ನಮ್ಮವ್ವಗ ದಾರ್ಯಾಗ ಕಾಡಾಕತ್ತ್ಯಾನ. ನೀ ಒಮ್ಮಿ ನೋಡಿ, ಗಾಡ್ಯಾಗ ಏನೂ ಇಲ್ಲ ಅಂತ ಹೇಳಿಬಿಡು. ಅಮಾಸಿಗಿ ಕೆಲಸ ಬಿಡಿಸಿ ಪೊಲೀಸರಿಗಿ ಕೊಡ್ತೀನಿ."

ಬೀರಪ್ಪ ಅಲ್ಲೇ ನಿಂತಿದ್ದ. ಹಮಾಲರೆಲ್ಲ ಚೀಲ ಇಳಿಸುವುದು ಬಿಟ್ಟು ನೋಡುತ್ತಿದ್ದರು. ಅವನು ಒಂದೇ ಮಾತು ಹೇಳಿದ. "ನಾ ಮುಟ್ಟಿಲ್ರಿ." ಅಷ್ಟೇ. ಕಳ್ಳನೆಂದು ಪೊಲೀಸರ ಕೈಗೆ ಹೋದ ಡ್ರೈವರಿಗೆ ಮಾನ್ವಿಯಲ್ಲಿ ಇರಲಿ, ರಾಯಚೂರಿನಲ್ಲೂ ಯಾರೂ ಸ್ಟೇರಿಂಗ್ ಕೊಡುವುದಿಲ್ಲ. ಅವನ ಊರು ಅರಕೇರಾದಲ್ಲಿ ಆಗಲೇ ಅವನಿಗೆ ಪೆಟ್ರೋಲ್ ಬೀರ್ಯಾ ಎಂದು ಹೆಸರಿಟ್ಟಿದ್ದರು. ಅವನ ಹೆಂಡತಿ ನಿಂಗಮ್ಮ ಕಿರಾಣಿ ಅಂಗಡಿಗೆ ಹೋದರೆ ಕಟ್ಟೆಯ ಮೇಲೆ ಕುಳಿತವರು "ಮೂಗು ಮುಚ್ಚಿಕೋರಪೋ, ಪೆಟ್ರೋಲ್ ವಾಸನಿ" ಅನ್ನುತ್ತಿದ್ದರಂತೆ.

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು. ಗಾಡಿ ನೋಡುವ ಮೊದಲೇ ನಾಲಿಗೆ ಜಾರಿತು. "ಸಾವುಕಾರ್ರ, ಇದು ಬೀರಪ್ಪನ ಕೆಲಸ ಅಂತ ಆದ್ರ ನಾ ಇನ್ನ ಮ್ಯಾಲ ಪಾನಾ ಹಿಡಿಯಂಗಿಲ್ಲ. ಗ್ಯಾರೇಜಿಗಿ ಬೀಗ ಹಾಕಿ ಕುರಿ ಕಾಯಾಕ ಹೋಗ್ತೀನಿ." ಹಮಾಲರು ಹೋ ಅಂದರು. ಸಾವುಕಾರರು ನಕ್ಕರು. ಒಟ್ಟಿನಲ್ಲಿ ಬೀರಪ್ಪನ ಕುತ್ತಿಗೆಯ ಪಕ್ಕದಲ್ಲಿ ನನ್ನ ಕುತ್ತಿಗೆಯನ್ನೂ ಇಟ್ಟು ಬಂದೆ.

ಕಾರನ್ನು ರಾಯಚೂರಿಗೆ ತಂದೆ. ಬಾನೆಟ್ ಎತ್ತಿದ ಕೂಡಲೇ ಪೆಟ್ರೋಲಿನ ನಳಿಕೆ ಸೈಲೆನ್ಸರಿಗೆ ತಾಗಿಕೊಂಡು ಹಾದುಹೋಗಿದ್ದು ಕಂಡಿತು. ಸಿಕ್ಕಿತು ಕಳ್ಳ ಅಂದುಕೊಂಡೆ. ನಳಿಕೆಯನ್ನು ದೂರ ಸರಿಸಿ, ಶಾಖ ತಡೆಯುವ ಹಗ್ಗ ಸುತ್ತಿ, ಪಂಪಿನೊಳಗಿನ ರಬ್ಬರ್ ಪರದೆ ಹೊಸದು ಹಾಕಿದೆ. ನಡುಮಧ್ಯಾಹ್ನ ದೇವದುರ್ಗಕ್ಕೆ ಹೋಗಿ ಬಂದೆ, ಬೇಕೆಂದೇ ಬಿಸಿಲಿನಲ್ಲಿ ನಿಲ್ಲಿಸಿ ಶುರು ಮಾಡಿದೆ. ಒಂದು ಸಲವೂ ಕೆಮ್ಮಲಿಲ್ಲ. ಮೀಸೆ ತಿರುವುತ್ತ ಮಾನ್ವಿಗೆ ಹೋಗಿ ಕಾರಿನ ಕೀಲಿ ಒಪ್ಪಿಸಿ ಬಂದೆ.

ಸೋಮವಾರ ಮತ್ತೆ ನಿಂತಿತು.

ಮರುದಿನ ಸಾವುಕಾರರೇ ಗ್ಯಾರೇಜಿಗೆ ಬಂದರು. ಸಿಟ್ಟಿಲ್ಲ, ಸಮಾಧಾನದಿಂದಲೇ ಮಾತಾಡಿದರು, ಅದೇ ನನಗೆ ಹೆಚ್ಚು ಚುಚ್ಚಿತು. "ನಿನ್ನ ಕೈಯಾಗ ಓಡ್ತದ, ಅವನ ಕೈಯಾಗ ನಿಲ್ತದ. ಇನ್ನೇನ್ ಸಾಕ್ಷಿ ಬೇಕೋ ಮಲ್ಲಪ್ಪ? ನೀನ ಸಾಕ್ಷಿ ಆದಿ."

ಬೀರಪ್ಪನನ್ನು ಉಳಿಸಲು ಹೋಗಿ, ನಾನು ಮಾಡಿದ ಒಳ್ಳೆಯ ಕೆಲಸವೇ ಅವನ ಮೇಲೆ ಮೊಹರು ಒತ್ತಿತ್ತು. ಮಾನ್ವಿಗೆ ಹೋಗಿ ಬೀರಪ್ಪನನ್ನು ಹುಡುಕಿದೆ. ಗಿರಣಿಯ ಹಿಂದೆ ಕಾರು ತೊಳೆಯುತ್ತಿದ್ದ. ಸೋಮವಾರದ ದೂಳನ್ನು ಮಂಗಳವಾರ ತೊಳೆಯುವುದು ಅವನ ರೂಢಿ. "ಬಿಡ್ರಿ ಮೇಸ್ತ್ರಿ. ನಿಮಗ್ಯಾಕ ನಮ್ಮ ಜಂಜಾಟ? ಅಮಾಸಿ ತನಕ ಹೊಡಿತೀನಿ, ಆಮ್ಯಾಲ ಕುರಿ ಅದಾವು" ಅಂದ. ಸೋತ ದನಿ ಕೇಳಿ ಸಿಟ್ಟು ಇನ್ನೂ ನೆತ್ತಿಗೇರಿತು.

ಸೀದಾ ಸಾವುಕಾರರ ಮುಂದೆ ಹೋಗಿ ನಿಂತೆ. ಬರುವ ಸೋಮವಾರ ಸ್ಟೇರಿಂಗ್ ನನ್ನ ಕೈಯಲ್ಲಿ ಇರಬೇಕು, ನೀವು ನನ್ನ ಪಕ್ಕದಲ್ಲಿ ಕೂಡಬೇಕು, ಬೀರಪ್ಪ ಹಿಂದೆ ಕೂಡಬೇಕು, ಗಾಡಿಯನ್ನು ಅವನು ಬೆರಳಿನಿಂದಲೂ ಮುಟ್ಟಬಾರದು ಎಂದೆ. ಸಾವುಕಾರರು ಒಪ್ಪಿದರು. ಕಾರು ನಿಲ್ಲುವುದಿಲ್ಲ, ಅಲ್ಲಿಗೆ ತಮ್ಮ ಮಾತು ಗಟ್ಟಿಯಾಗುತ್ತದೆ ಎಂದು ಅವರ ಲೆಕ್ಕ.

ಚಳಿಗಾಲ ಶುರುವಾಗಿತ್ತು. ಸೋಮವಾರ ಬೆಳಿಗ್ಗೆ ನಾನು ಮಾನ್ವಿ ಮುಟ್ಟಿದಾಗ ಗದ್ದೆಗಳ ಮೇಲೆ ಇನ್ನೂ ಮಂಜು ಇತ್ತು. ಹಿಂದಿನ ದಿನ ಸಾವುಕಾರರು ಬಂಕಿಗೆ ಹೋಗಿ ಟ್ಯಾಂಕಿ ಗಂಟಲಮಟ್ಟ ತುಂಬಿಸಿದ್ದರು. ಪ್ರತಿ ವಾರವೂ ಹಾಗೇ. ತುಂಬಿಸಿ ಬೀಗ ಹಾಕಿದರೆ ಕಳವಿಗೆ ದಾರಿಯಿಲ್ಲ ಎಂದು. ನಾನು ಗಾಡಿಯ ಸುತ್ತ ಕಾವಲಿನವನಂತೆ ತಿರುಗಾಡಿದೆ. ಯಾರೂ ಹತ್ತಿರ ಬರಲಿಲ್ಲ.

ಪೂಜೆ ಮುಗಿಸಿ ಗೌರವ್ವ ಹೊರಗೆ ಬಂದರು. ಅಂಗೈಯಲ್ಲಿ ಒದ್ದೆ ವಿಭೂತಿ. ಮೊದಲು ಬಾನೆಟ್ಟಿಗೆ ಮೂರು ಬೆರಳು ಎಳೆದರು, ಆಮೇಲೆ ಬಾಗಿಲಿಗೆ, ಆಮೇಲೆ ಹಿಂದೆ ಹೋಗಿ ಟ್ಯಾಂಕಿಯ ಮುಚ್ಚಳಕ್ಕೆ. ಕೈಯಲ್ಲಿ ಉಳಿದದ್ದನ್ನು ನನ್ನ ಹಣೆಗೆ ಹಚ್ಚಿ, "ಚಂದಾಗಿ ಹೊಡಿಯೋ ಯಪ್ಪಾ" ಅಂದರು. ನಾನು ಕೈ ಮುಗಿದೆ. ಕಾವಲು ಕಾಯುತ್ತಿದ್ದವನ ಕಣ್ಣ ಮುಂದೆಯೇ ಎಲ್ಲವೂ ನಡೆಯಿತು, ನಾನು ಕೈ ಮುಗಿದೆ.

ಬೀರಪ್ಪ ಹಿಂದಿನ ಸೀಟಿನಲ್ಲಿ ಕೂಡಲು ಹಿಂದೆಮುಂದೆ ನೋಡಿದ. ಗೌರವ್ವ ಸರಿದು ಜಾಗ ಮಾಡಿ, "ಕುಂದ್ರೋ, ನೀ ಏನ್ ನನ್ನ ಕಡೀತಿಯಾ?" ಅಂದರು. ಹೊರಟೆವು. ಸಿರವಾರ ದಾಟಿತು. ಗಾಡಿ ಹೂವಿನಂತೆ ಹೋಗುತ್ತಿತ್ತು. ಪಕ್ಕದಲ್ಲಿ ಸಾವುಕಾರರ ಮುಖ ಅರಳುತ್ತಿತ್ತು, ನನ್ನದು ಬಾಡುತ್ತಿತ್ತು. ಮೆಕ್ಯಾನಿಕ್ ಆಗಿ ನನ್ನ ಜೀವಮಾನದಲ್ಲಿ ಗಾಡಿ ಕೆಡಲಿ ಎಂದು ದೇವರಲ್ಲಿ ಬೇಡಿಕೊಂಡದ್ದು ಅದೊಂದೇ ಸಲ. ಅರಕೇರಾದ ಮರಗಳು ದೂರದಲ್ಲಿ ಕಾಣುವ ಹೊತ್ತಿಗೆ ಎಂಜಿನ್ನು ಒಮ್ಮೆ ಕೆಮ್ಮಿತು. ಎರಡನೇ ಸಲ ಕೆಮ್ಮಿ, ನನ್ನ ಕೈಯಲ್ಲೇ ನಿಂತಿತು. ನನಗೆ ಕುಣಿಯುವಷ್ಟು ಸಂತೋಷವಾಯಿತು.

"ಈಗ ನನ್ನ ಕೈಯಾಗೂ ನಿಂತದ ಸಾವುಕಾರ್ರ. ನಾನೂ ಕಳ್ಳೇನ್ರಿ?"

ಸಾವುಕಾರರು ನನ್ನನ್ನು ನೋಡಿದರು, ಹಿಂದೆ ತಿರುಗಿ ಬೀರಪ್ಪನನ್ನು ನೋಡಿದರು. "ನೀವಿಬ್ರೂ ಒಂದಾಗೀರಿ" ಅಂದರು.

ಕುಣಿತ ನಿಂತಿತು. ಕಾರಣ ಕೈಯಲ್ಲಿ ಹಿಡಿದು ತೋರಿಸದೆ ಬೀರಪ್ಪನಿಗೆ ಬಿಡುಗಡೆಯಿಲ್ಲ, ಈಗ ನನಗೂ ಇಲ್ಲ. ಇಳಿದು ಬಾನೆಟ್ ಎತ್ತಿದೆ. ಆ ಪಂಪುಗಳಿಗೆ ಒಂದು ಗಾಜಿನ ಬಟ್ಟಲು ಇರುತ್ತಿತ್ತು, ಹುಡುಗರೇ, ಅದೇ ನಮ್ಮ ಸ್ಕ್ಯಾನರ್. ಏರ್ ಹಿಡಿದಿದ್ದರೆ ಅದರಲ್ಲಿ ಗುಳ್ಳೆಗಳು ಏಳುತ್ತಿರುತ್ತವೆ, ಪಂಪು ಕೈ ಸುಡುತ್ತದೆ. ಇಲ್ಲಿ ಗುಳ್ಳೆ ಇಲ್ಲ, ಬಟ್ಟಲು ಬರಿದು, ನಳಿಕೆ ಮುಟ್ಟಿದರೆ ತಣ್ಣಗೆ. ಮಂಜು ಹರಿಯದ ಬೆಳಿಗ್ಗೆ ಪೆಟ್ರೋಲು ಕುದಿಯುವುದು ಹೇಗೆ? ಕುದಿದಿಲ್ಲ. ಬಂದೇ ಇಲ್ಲ. ತುಂಬಿದ ಟ್ಯಾಂಕಿಯಿಂದ ಅದು ಹೊರಡಲೊಲ್ಲದು.

ಆಗ ತಲೆಗೆ ಹೊಳೆಯಿತು, ಈ ಕಾರಿನಲ್ಲಿ ನಾನು ಮತ್ತೆ ನಡುವಿನಿಂದ ಜಿಗಿದಿದ್ದೆ. ಟ್ಯಾಂಕಿಗೆ ಬೀಗ ಇತ್ತು, ಕೀಲಿ ಸಾವುಕಾರರ ಸೊಂಟದಲ್ಲಿತ್ತು, ಹಾಗಾಗಿ ಆ ಮುಚ್ಚಳವನ್ನು ನಾನು ಒಮ್ಮೆಯೂ ತೆರೆದಿರಲಿಲ್ಲ.

"ಸಾವುಕಾರ್ರ, ಕೆಳಗ ಇಳೀರಿ. ಆ ಬೀಗ ನೀವ ತೆಗೀರಿ, ನಾ ಮುಟ್ಟಂಗಿಲ್ಲ."

ಅವರು ಗೊಣಗುತ್ತಲೇ ಇಳಿದು, ಉಡಿದಾರದಿಂದ ಕೀಲಿ ಬಿಚ್ಚಿ, ಬೀಗ ತಿರುವಿದರು. ಮುಚ್ಚಳ ಬರಲೊಲ್ಲದು. ಒಳಗಿನಿಂದ ಯಾರೋ ಹಿಡಿದುಕೊಂಡ ಹಾಗೆ. ಎರಡೂ ಕೈಯಿಂದ ಎಳೆದರು. ಸುಸ್ಸ್ ಎಂದು ಉದ್ದಕ್ಕೆ ಗಾಳಿ ಒಳಗೆ ನುಗ್ಗಿತು. ಸಾವುಕಾರರು ಹಾವು ತುಳಿದವರಂತೆ ಹಿಂದಕ್ಕೆ ಹಾರಿದರು.

"ಬೀರಪ್ಪ, ಈಗ ನೀ ಮುಟ್ಟು, ಶುರು ಮಾಡು" ಎಂದೆ. ಸೆಲ್ಫ್ ಸ್ಟಾರ್ಟರ್ ಒಮ್ಮೆ ಒತ್ತಿದ್ದಕ್ಕೇ ಎಂಜಿನ್ನು ಎದ್ದಿತು. ಸಾವುಕಾರರಿಗೆ ಅನುಮಾನ ಉಳಿಯಬಾರದೆಂದು ಮುಚ್ಚಳ ಮತ್ತೆ ಹಾಕಿಸಿ, ಅಲ್ಲೇ ರಸ್ತೆಯಲ್ಲಿ ಹಿಂದೆ ಮುಂದೆ ಓಡಿಸಿದೆ. ಕೆಮ್ಮಿ ನಿಂತಿತು. ತೆಗೆಸಿದೆ, ಸುಸ್ಸ್ ಅಂದಿತು, ಓಡಿತು. ಮೂರನೇ ಸಲಕ್ಕೆ ಸಾವುಕಾರರೇ, "ಸಾಕು ಬಿಡೋ" ಅಂದರು.

ಮುಚ್ಚಳವನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದೆ. ಟ್ಯಾಂಕಿಯಿಂದ ಎಷ್ಟು ಪೆಟ್ರೋಲು ಹೊರಗೆ ಹೋಗುತ್ತದೋ ಅಷ್ಟು ಗಾಳಿ ಒಳಗೆ ಬರಬೇಕು. ಅದಕ್ಕೆಂದೇ ಇಂಥ ಮುಚ್ಚಳಗಳಿಗೆ ಸೂಜಿ ತೂರುವಷ್ಟು ಒಂದು ತೂತು ಇಟ್ಟಿರುತ್ತಾರೆ. ಆ ತೂತಿನಲ್ಲಿ ಏನೋ ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು. "ಯವ್ವಾ, ಒಂದು ಪಿನ್ನು ಕೊಡ್ರಿ" ಎಂದೆ. ಗೌರವ್ವ ಸೆರಗಿನ ಪಿನ್ನು ತೆಗೆದು ಕಿಟಕಿಯಿಂದ ಕೊಟ್ಟರು. ಚುಚ್ಚಿದೆ. ಬಿಳಿ ಪುಡಿ ಉದುರಿ ನನ್ನ ಅಂಗೈಗೆ ಬಿತ್ತು.

ನೋಡಿದ ಕೂಡಲೇ ನನಗೆ ಗೊತ್ತಾಯಿತು. ಸಾವುಕಾರರಿಗೂ ಗೊತ್ತಾಯಿತು. ನನ್ನ ಹಣೆಯ ಮೇಲೂ ಅದೇ ಇತ್ತು. ಹೇಳುವುದು ಹೇಗೆ? ಸಾವುಕಾರರೇ ದನಿ ಏರಿಸಿದರು. "ಏನ್ ಹೇಳಾಕ ಹೊಂಟಿ ನೀ? ನಮ್ಮವ್ವನ ಪೂಜಿ ಮ್ಯಾಲ ಹಾಕ್ತಿಯೇನು?"

"ನೀ ಸುಮ್ನಿರು" ಎಂದು ಗೌರವ್ವ ಕಾರಿನಿಂದ ಇಳಿದರು. ನನ್ನ ಅಂಗೈ ಹಿಡಿದು, ಪುಡಿ ತಿಕ್ಕಿ ನೋಡಿ, ಮೂಸಿದರು. "ಇದು ನಂದೇ" ಎಂದರು. "ಹಣಿಗಿ ಹಚ್ತೀವಿ, ಎದಿಗಿ ಹಚ್ತೀವಿ. ಇದು ಗಾಡಿ ಉಣ್ಣೋ ಬಾಯಿ, ಇದಕ್ಕ ಬ್ಯಾಡೇನು ಅಂತ ಹಚ್ಚಿದೆ. ಮೊದಲಿಂದನೂ ಹಚ್ತೀನಲ್ಲೋ. ಆವಾಗ ಎದಕ ನಿಲ್ಲಲಿಲ್ಲ?"

ಒಳ್ಳೆಯ ಪ್ರಶ್ನೆ. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಹಳೆಯ ಮುಚ್ಚಳ ಸಡಿಲ ಇತ್ತು, ತೂತು ಮುಚ್ಚಿದರೂ ಅಂಚಿನಿಂದ ಗಾಳಿ ಹೋಗುತ್ತಿತ್ತು. ಅದೇ ಅಂಚಿನಿಂದ ಪೆಟ್ರೋಲೂ ತುಳುಕಿ, ಬೇಸಿಗೆಯಲ್ಲಿ ಹಾರಿ ಹೋಗುತ್ತಿತ್ತು. ಕಾರು ಹೆಚ್ಚು ಕುಡಿದದ್ದು ಹಾಗೆ. ಯಾರೂ ಮಾರಿಕೊಂಡಿರಲಿಲ್ಲ. ಹೊಸ ಮುಚ್ಚಳ ಬಿಗಿ. ಸೋಮವಾರ ಒದ್ದೆ ವಿಭೂತಿ ತೂತಿನಲ್ಲಿ ಒಣಗಿ ಕೂಡುತ್ತದೆ, ಮಂಗಳವಾರ ಬೀರಪ್ಪ ತೊಳೆದಾಗ ಕರಗಿ ಹೋಗುತ್ತದೆ. ಸೀಸೆಗೆ ಬಾಯಿ ಹಚ್ಚಿ ಹೀರಿದರೆ ತುಟಿ ಹಿಡಿದುಕೊಳ್ಳುವ ಹಾಗೆ, ಪಂಪು ಹೀರುತ್ತದೆ, ಟ್ಯಾಂಕಿ ಬಿಡುವುದಿಲ್ಲ. ಅದೂ ಗಂಟಲಮಟ್ಟ ತುಂಬಿಸಿದರೆ ಒಳಗೆ ಗಾಳಿಯೇ ಇಲ್ಲ, ಬೇಗ ಹಿಡಿಯುತ್ತದೆ. ಸುಮ್ಮನೆ ನಿಂತರೆ ಸಂದಿಯಿಂದ ಚೂರು ಚೂರು ಗಾಳಿ ಇಳಿದು ಮತ್ತೆ ಓಡುತ್ತದೆ. ಸಾವುಕಾರರು ತುಂಬಿಸಿ ಬೀಗ ಹಾಕಿದಷ್ಟೂ ಕಾರು ಕಾಡಿದ್ದು ಅದಕ್ಕೇ.

ಹೇಳುತ್ತ ಹೇಳುತ್ತ ನನ್ನ ಎದೆ ಉಬ್ಬಿತು. ಅಷ್ಟು ದಿನ ಒಂದಕ್ಕೊಂದು ತಾಳೆಯಾಗದೆ ನನ್ನನ್ನು ಅಣಕಿಸುತ್ತಿದ್ದ ಸಂಗತಿಗಳೆಲ್ಲ ಒಂದರ ಹಿಂದೆ ಒಂದು ಸಾಲಾಗಿ ನಿಂತವು. ಆ ಸುಖಕ್ಕಾಗಿಯೇ ಈ ಕೆಲಸ ಮಾಡಬೇಕು, ಹುಡುಗರೇ. ಕೈ ಕಪ್ಪಾಗುವುದು, ಬೆನ್ನು ನೋಯುವುದು ಎಲ್ಲ ಅಲ್ಲಿ ತೀರುತ್ತದೆ.

ಬೀರಪ್ಪ ಮಾತ್ರ ರಸ್ತೆಯ ಬದಿಗೆ ಹೋಗಿ, ನಮಗೆ ಬೆನ್ನು ಮಾಡಿ, ಟವಲಿನಲ್ಲಿ ಮುಖ ಒರೆಸಿಕೊಂಡ.

ಸಾವುಕಾರರು, "ಆತು ಬಿಡು, ಗೊತ್ತಾತಲ್ಲ. ನಡೀರಿ, ಗುಡಿಗಿ ಹೊತ್ತಾತದ" ಎಂದರು.

ಗೌರವ್ವ ಜಾಗ ಬಿಟ್ಟು ಕದಲಲಿಲ್ಲ. "ಗುಡಿ ಎಲ್ಲೂ ಓಡಿ ಹೋಗಂಗಿಲ್ಲ. ಮೊದಲ ಅರಕೇರಾದಾಗ ಬೀರಪ್ಪನ ಮನಿ ಮುಂದ ನಿಲ್ಲಿಸ್ರಿ" ಎಂದರು. ಮಗ ಹೋಗಿ ಮುಂದಿನ ಸೀಟಿನಲ್ಲಿ ಕುಳಿತರು.

ಈಗ ಸ್ಟೇರಿಂಗ್ ಬೀರಪ್ಪನದು. ನಾನು ಹಿಂದೆ ಅವ್ವನ ಪಕ್ಕದಲ್ಲಿ ಕುಳಿತೆ. ಊರೊಳಗೆ ಹೋಗುವಾಗ ಅವನು ಹಾರ್ನ್ ಬಾರಿಸಲಿಲ್ಲ, ಗಾಡಿ ಮಾತ್ರ ಬಹಳ ನಿಧಾನ ಮಾಡಿದ. ಕಟ್ಟೆಯ ಮೇಲೆ ಎಳೆಬಿಸಿಲು ಕಾಯಿಸುತ್ತ ಕುಳಿತಿದ್ದವರು ತಲೆ ಎತ್ತಿದರು. ಸಾವುಕಾರರು ಕಾರಿನಲ್ಲೇ ಇದ್ದಾರೆ ಅಂದರೆ ಪೊಲೀಸರೂ ಹಿಂದೆ ಬರುತ್ತಿರಬೇಕು ಎಂದು ಅವರು ದಾರಿಯತ್ತ ನೋಡಿದ್ದು ನನಗೆ ಕಾಣಿಸಿತು.

ಮನೆಯ ಮುಂದೆ ನಿಂಗಮ್ಮ ಕಸ ಗುಡಿಸುತ್ತಿದ್ದಳು. ಕಾರು ನೋಡಿ ಪೊರಕೆ ಹಿಡಿದೇ ನೆಟ್ಟಗೆ ನಿಂತಳು. ಅವಳೂ ಅದನ್ನೇ ಅಂದುಕೊಂಡಿದ್ದಳು. ಗೌರವ್ವ ಇಳಿದು ಅವಳ ಹತ್ತಿರ ಹೋದರು.

"ತಂಗಿ, ನಿನ್ನ ಗಂಡ ಕಳ್ಳ ಅಲ್ಲವಾ. ಗಾಡಿ ನಿಲ್ಲಿಸಾಕತ್ತಿದಾಕಿ ನಾನು. ಗೊತ್ತಿಲ್ಲದ ಮಾಡೀನಿ. ಇನ್ನ ಮ್ಯಾಲ ಅಲ್ಲಿ ಹಚ್ಚಂಗಿಲ್ಲ, ಹಣಿಗಷ್ಟ ಹಚ್ತೀನಿ."

ನಿಂಗಮ್ಮನಿಗೆ ಏನು ಎತ್ತ ಅರ್ಥವಾಗಲಿಲ್ಲ. ಗಂಡನ ಮುಖ ನೋಡಿದಳು. ಅವನು ಹೌದೆಂದು ತಲೆ ಆಡಿಸಿದ. ಆಗ ಅವಳು ಪೊರಕೆ ಗೋಡೆಗೆ ಆನಿಸಿ, ಸೆರಗು ಸರಿಮಾಡಿಕೊಂಡು, ಮುದುಕಿಯ ಕಾಲು ಮುಟ್ಟಿದಳು. ಎದ್ದು ನಿಂತು ಕಟ್ಟೆಯ ಕಡೆ ಕೈ ತೋರಿಸಿದಳು. "ನನಗ ಮೊದಲ ಗೊತ್ತಿತ್ರಿ ಯವ್ವಾ. ಅಲ್ಲಿ ಕುಂತೋರಿಗಿ ಹೇಳ್ರಿ."

ಗೌರವ್ವ ಮಗನನ್ನು ನೋಡಿದರು. "ನೀ ಅಂದಿದ್ದು. ನೀನ ಹೋಗಿ ಹೇಳು."

ಚನ್ನಬಸಪ್ಪ ಸಾವುಕಾರರು ಕಟ್ಟೆಯ ತನಕ ನಡೆದರು. ಹಿಂದೆ ನಾವೆಲ್ಲ, ನಮ್ಮ ಹಿಂದೆ ಅರ್ಧ ಓಣಿ. ಅವರು ಧೋತರದ ಚುಂಗು ಹಿಡಿದುಕೊಂಡು, ನೆಲ ನೋಡುತ್ತ, "ಬೀರಪ್ಪ ಕಳವು ಮಾಡಿಲ್ಲ. ನಂದ ತಪ್ಪಾತು" ಎಂದರು.

ಜನರ ಹಿಂದಿನಿಂದ ನಿಂಗಮ್ಮನ ದನಿ ಬಂತು. "ಆ ಮೂಲ್ಯಾಗ ಕುಂತೋರಿಗಿ ಕೇಳಿಸಿಲ್ರಿ ಸಾವುಕಾರ್ರ. ಇನ್ನೊಮ್ಮಿ ಹೇಳ್ರಿ."

ಸಾವುಕಾರರು ತಾಯಿಯ ಕಡೆ ತಿರುಗಿ ನೋಡಿದರು. ಅಲ್ಲಿ ದಯೆ ಕಾಣಲಿಲ್ಲ. ತಲೆ ಎತ್ತಿ, ಊರಿಗೆಲ್ಲ ಕೇಳುವ ಹಾಗೆ, ಎರಡನೇ ಸಲ ಕೂಗಿ ಹೇಳಿದರು.